ಹಬ್ಬ ವರ್ಷಕ್ಕೊಮ್ಮೆ, ಊರು ವಾರಕ್ಕೊಮ್ಮೆ

ಇಂಗ್ಲೆಂಡಿನಲ್ಲಿ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬದುಕುವ ಕನ್ನಡ ಕುಟುಂಬಗಳಿಗೆ ಎರಡು ಬಗೆಯ ಶನಿವಾರಗಳಿವೆ. ಮೊದಲನೆಯದು ಹಬ್ಬದ ಶನಿವಾರ. ಯುಗಾದಿಯೋ ದೀಪಾವಳಿಯೋ ವಾರದ ನಡುವೆ ಬಂದುಬಿಟ್ಟಿರುತ್ತದೆ. ಅವತ್ತು ಆಫೀಸಿಗೂ ರಜೆಯಿಲ್ಲ, ಶಾಲೆಗೂ ರಜೆಯಿಲ್ಲ. ಹಾಗಾಗಿ ಹಬ್ಬವನ್ನು ಹತ್ತಿರದ ಶನಿವಾರಕ್ಕೆ ಎಳೆದು ತಂದು, ಯಾವುದೋ ಶಾಲೆಯ ಹಾಲನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು ಆಚರಿಸುತ್ತಾರೆ. ಚಾವಣಿಯಲ್ಲಿ ಹೊಗೆ ಕಂಡರೆ ಕೂಗಿಕೊಳ್ಳುವ ಯಂತ್ರ ಇರುವುದರಿಂದ ಊದುಬತ್ತಿ ಹಚ್ಚುವ ಮುಂಚೆಯೂ ಯೋಚಿಸಬೇಕು. ಮಕ್ಕಳು ವೇದಿಕೆಯ ಹಿಂದೆ ಇಂಗ್ಲಿಷಿನಲ್ಲಿ ಜಗಳವಾಡಿ, ವೇದಿಕೆಯ ಮೇಲೆ ಬಂದು ಕನ್ನಡದಲ್ಲಿ ಹಾಡುತ್ತಾರೆ. ಊಟವಾಗುತ್ತದೆ, ಫೋಟೋ ಆಗುತ್ತದೆ. ಹಾಲ್ ಬಿಟ್ಟುಕೊಡುವ ಹೊತ್ತಾಯಿತೆಂದು ನಾಲ್ಕೈದು ಜನ ಕುರ್ಚಿ ಮಡಚುವಾಗ ಉಳಿದವರು ಕಾರಿನತ್ತ ನಡೆದಿರುತ್ತಾರೆ.

ಎರಡನೆಯದು ಮಿಕ್ಕ ಶನಿವಾರಗಳು. ಬಟ್ಟೆ ಒಗೆಯುವುದು, ವಾರದ ಸಾಮಾನು ತರುವುದು, ಅಜ್ಜಿಗೆ ವಿಡಿಯೋ ಕಾಲ್ ಮಾಡುವುದು, ಹೊರಗೆ ಮಳೆ ಹನಿಯುವಾಗ ಮೂರು ವರ್ಷದ ಮಗುವನ್ನು ಮನೆಯೊಳಗೆ ಸಂಭಾಳಿಸುವುದು. ಹಬ್ಬದ ಶನಿವಾರಗಳು ವರ್ಷಕ್ಕೆ 4 ಅಥವಾ 5 ಎಂದಿಟ್ಟುಕೊಂಡರೆ, ಇಂಥವು 47. ಪರದೇಶದ ಕನ್ನಡ ಬದುಕಿನ ಬಗ್ಗೆ ಬರುವ ಮಾತು, ಬರಹ, ಫೋಟೋಗಳೆಲ್ಲ ಆ ಐದರ ಬಗ್ಗೆ. ಆದರೆ ಮಗುವಿಗೆ ಊರು ಎನ್ನುವುದು ಸಿಗುವುದು ಅಥವಾ ಸಿಗದೇ ಹೋಗುವುದು ಈ 47ರಲ್ಲಿ.

ಊರು ಸಿಕ್ಕಿದೆಯೇ ಇಲ್ಲವೇ ಎಂದು ತಿಳಿಯಲು ಸುಲಭದ ಒಂದು ಪರೀಕ್ಷೆಯಿದೆ. ಮಗುವನ್ನು ಶಾಲೆಗೆ ಸೇರಿಸುವಾಗ ಒಂದು ಫಾರಂ ಕೊಡುತ್ತಾರೆ. ಮಗುವಿಗೆ ಜ್ವರ ಬಂದರೆ, ಬಿದ್ದು ಗಾಯವಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಅದರಲ್ಲಿ ಕೇಳಿರುತ್ತಾರೆ. ಅಪ್ಪನ ಹೆಸರು ಬರೆಯುತ್ತಾರೆ, ಅಮ್ಮನ ಹೆಸರು ಬರೆಯುತ್ತಾರೆ. ಮೂರನೆಯ ಹೆಸರಿಗೆ ಬಂದಾಗ ಪೆನ್ನು ನಿಲ್ಲುತ್ತದೆ. ಬಾಣಂತನಕ್ಕೆ ಬಂದ ಅಜ್ಜಿ ವಿಸಿಟರ್ ವೀಸಾದ ಆರು ತಿಂಗಳು ಮುಗಿಸಿ ವಾಪಸು ಹೋಗಿದ್ದಾರೆ. ದೀಪಾವಳಿಯಲ್ಲಿ ಪಕ್ಕದಲ್ಲಿ ಕೂತು ಉಂಡ ದಾವಣಗೆರೆಯ ದಂಪತಿ ಒಳ್ಳೆಯವರೇ, ಆದರೆ ಅವರ ಮನೆಗೆ ಮುಕ್ಕಾಲು ಗಂಟೆಯ ದಾರಿ. ಪಕ್ಕದ ಮನೆಯವರ ಹೆಸರು ಇನ್ನೂ ಗೊತ್ತಿಲ್ಲ. ಹತ್ತು ದೀಪಾವಳಿ ಆಚರಿಸಿದ ಮೇಲೂ ಆ ಮೂರನೆಯ ಸಾಲು ಖಾಲಿಯೇ ಉಳಿದಿದ್ದರೆ, ಹಬ್ಬ ಚೆನ್ನಾಗಿಯೇ ನಡೆದಿದೆ, ಊರು ಮಾತ್ರ ಆಗಿಲ್ಲ.

ಇದಕ್ಕೆ ಉತ್ತರ ಹಲವರಿಗೆ ಅನಿರೀಕ್ಷಿತ ಜಾಗದಲ್ಲಿ ಸಿಗುತ್ತಿದೆ: ಪಾರ್ಕಿನಲ್ಲಿ, ಓಟದಲ್ಲಿ. ಅದರ ಹೆಸರು ಪಾರ್ಕ್‌ರನ್. ಪ್ರತಿ ಶನಿವಾರ ಬೆಳಗ್ಗೆ, ಇಂಗ್ಲೆಂಡಿನಲ್ಲಾದರೆ 9 ಗಂಟೆಗೆ, ಹತ್ತಿರದ ಉದ್ಯಾನದಲ್ಲಿ 5 ಕಿಲೋಮೀಟರ್. ಓಡಬಹುದು, ನಡೆಯಬಹುದು, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡೂ ಹೋಗಬಹುದು. ದುಡ್ಡು ಕೊಡಬೇಕಿಲ್ಲ. ಒಮ್ಮೆ ಹೆಸರು ನೋಂದಾಯಿಸಿದರೆ ಒಂದು ಬಾರ್‌ಕೋಡ್ ಸಿಗುತ್ತದೆ, ಅದೇ ಬಾರ್‌ಕೋಡ್ ಯಾವ ಊರಿನ ಪಾರ್ಕಿನಲ್ಲಾದರೂ ನಡೆಯುತ್ತದೆ. ಭಾನುವಾರ 4ರಿಂದ 14 ವರ್ಷದ ಮಕ್ಕಳಿಗೆಂದೇ 2 ಕಿಲೋಮೀಟರಿನ ಜೂನಿಯರ್ ಪಾರ್ಕ್‌ರನ್ ಇದೆ. 11 ಸಲ ಓಡಿದ ಮಗುವಿಗೆ ಹಾಫ್ ಮ್ಯಾರಥಾನಿನ ಹೆಸರಿನ ಕೈಪಟ್ಟಿ, 21 ಸಲ ಓಡಿದರೆ ಮ್ಯಾರಥಾನಿನ ಕೈಪಟ್ಟಿ. ಎಷ್ಟು ವೇಗವಾಗಿ ಓಡಿತು ಎಂದು ಯಾರೂ ಕೇಳುವುದಿಲ್ಲ, ಎಷ್ಟು ಸಲ ಬಂತು ಎನ್ನುವುದಷ್ಟೇ ಲೆಕ್ಕ.

ಇದನ್ನು ಶುರುಮಾಡಿದ ಪಾಲ್ ಸಿಂಟನ್-ಹ್ಯೂಯಿಟ್ ಕೂಡ ಹೊರಗಿನಿಂದ ಬಂದವರು. ಬೆಳೆದದ್ದು ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿನ ಓಟದ ಕ್ಲಬ್ಬುಗಳಲ್ಲಿ ವಾರವಾರ ಸಮಯ ನೋಡಿಕೊಂಡು ಓಡುವ ರೂಢಿಯನ್ನು ಕಂಡಿದ್ದರು. 2004ರಲ್ಲಿ ಗಾಯದಿಂದ ಓಡಲಾಗದೆ, ಕೆಲಸವನ್ನೂ ಕಳೆದುಕೊಂಡಿದ್ದಾಗ, ಗೆಳೆಯರ ಜೊತೆಗಿನ ನಂಟು ತಪ್ಪಬಾರದೆಂದು ಲಂಡನ್ನಿನ ಟೆಡಿಂಗ್ಟನ್ನಿನಲ್ಲಿರುವ ಬುಷಿ ಪಾರ್ಕಿಗೆ ಅವರನ್ನು ಕರೆದರು. ಅಕ್ಟೋಬರ್ 2ರಂದು ಓಡಿದವರು 13 ಜನ. ಇವತ್ತು 20ಕ್ಕೂ ಹೆಚ್ಚು ದೇಶಗಳಲ್ಲಿ, 2 ಸಾವಿರಕ್ಕೂ ಹೆಚ್ಚು ಕಡೆ ಅದೇ ಓಟ ನಡೆಯುತ್ತದೆ. ಓಡಲಾಗದ ಒಬ್ಬ ಮನುಷ್ಯ ಗಡಿಯಾರ ಹಿಡಿದು ನಿಂತದ್ದರಿಂದ ಇಷ್ಟೆಲ್ಲ ಆಯಿತು ಎನ್ನುವುದನ್ನು ಗಮನಿಸಬೇಕು. ಈ ಏರ್ಪಾಟಿನ ಗುಟ್ಟು ಓಟದಲ್ಲಿಲ್ಲ, ಹೀಗೆ ನಿಲ್ಲುವವರಲ್ಲಿದೆ.

ಪ್ರತಿ ವಾರ ಪ್ರತಿ ಪಾರ್ಕಿನಲ್ಲೂ ಒಂದಷ್ಟು ಜನ ಸ್ವಯಂಸೇವಕರು ಬೇಕು. ಸಮಯ ಬರೆದುಕೊಳ್ಳುವವರು, ತಿರುವಿನಲ್ಲಿ ನಿಂತು ದಾರಿ ತೋರುವವರು, ಗುರಿ ಮುಟ್ಟಿದವರಿಗೆ ಬಿಲ್ಲೆ ಕೊಡುವವರು, ಬಾರ್‌ಕೋಡ್ ಸ್ಕ್ಯಾನ್ ಮಾಡುವವರು, ಹೊಸಬರಿಗೆ ದಾರಿಯ ವಿವರ ಹೇಳುವವರು. ಇವರ ಜೊತೆ ಟೇಲ್ ವಾಕರ್ ಅಂತ ಒಬ್ಬರು ಇರುತ್ತಾರೆ. ಎಲ್ಲರಿಗಿಂತ ಹಿಂದೆ ನಡೆಯುವುದೇ ಅವರ ಕೆಲಸ. ಅವರು ಇರುವುದರಿಂದ ಬಂದವರಲ್ಲಿ ಯಾರಿಗೂ ತಾನೇ ಕೊನೆ ಎಂಬ ಅವಮಾನವಿಲ್ಲ. ಹೈಸ್ಕೂಲು ಬಿಟ್ಟ ಮೇಲೆ ಒಮ್ಮೆಯೂ ಓಡದ, ಎರಡನೇ ಹೆರಿಗೆಯ ನಂತರ ಮನೆಯಿಂದ ಹೊರಬೀಳಲು ಕಾರಣ ಹುಡುಕುತ್ತಿರುವ ಹೆಣ್ಣುಮಗಳಿಗೆ ಇದಕ್ಕಿಂತ ದೊಡ್ಡ ಸೌಲಭ್ಯ ಇನ್ನೊಂದಿಲ್ಲ. ಗಂಡನಿಗಾದರೆ ಆಫೀಸು ಒಂದಷ್ಟು ಪರಿಚಯ ಕೊಡುತ್ತದೆ. ಮಗುವಿನೊಂದಿಗೆ ಮನೆಯಲ್ಲಿ ಉಳಿದವಳಿಗೆ ಅದೂ ಇಲ್ಲ. ಅವಳು ಒಂದು ವಾರ ಹಳದಿ ಜಾಕೆಟ್ಟು ತೊಟ್ಟು ತಿರುವಿನಲ್ಲಿ ನಿಂತರೆ, ಇನ್ನೂರು ಮುನ್ನೂರು ಜನ ಏದುಸಿರು ಬಿಡುತ್ತಲೇ ಥ್ಯಾಂಕ್ಸ್ ಹೇಳಿ ಮುಂದೆ ಹೋಗುತ್ತಾರೆ. ಮೂರನೇ ವಾರಕ್ಕೆ ಅವರಲ್ಲಿ ನಾಲ್ವರಿಗೆ ಅವಳ ಮಗುವಿನ ಹೆಸರು ಗೊತ್ತಿರುತ್ತದೆ. ಫಾರಂನ ಮೂರನೆಯ ಸಾಲು ತುಂಬುವುದು ಹೀಗೆ.

ಡಿಸೆಂಬರ್ 25ನ್ನು ನೋಡಿದರೆ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಬ್ರಿಟನ್ನಿನಲ್ಲಿರುವ ಭಾರತೀಯ ಕುಟುಂಬಕ್ಕೆ ವರ್ಷದ ಅತಿ ಒಂಟಿ ದಿನ ಅದು. ಲಂಡನ್ನಿನಲ್ಲಿ ಅಂದು ಬಸ್ಸಿಲ್ಲ, ರೈಲಿಲ್ಲ, ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಊರಿಗೆ ಊರೇ ತಂತಮ್ಮ ಮನೆಯೊಳಗೆ ಹಬ್ಬ ಮಾಡುತ್ತದೆ, ಕರೆಯುವವರಿಲ್ಲದವರು ಕಿಟಕಿಯಲ್ಲಿ ಕೂರುತ್ತಾರೆ. ಆದರೆ ಸ್ವಯಂಸೇವಕರು ಒಪ್ಪಿದ ಪಾರ್ಕುಗಳಲ್ಲಿ ಕ್ರಿಸ್ಮಸ್ ದಿನದ ಬೆಳಗ್ಗೆಯೂ ಓಟವಿರುತ್ತದೆ. ಟೊಪ್ಪಿಗೆ, ಬಣ್ಣದ ಕಾಗದ, ಗಂಟೆಗಳೊಂದಿಗೆ ಜನ ಬರುತ್ತಾರೆ. ಅಲ್ಲಿಗೆ ಬರಲು ಯಾರ ಆಮಂತ್ರಣವೂ ಬೇಡ. ಬೇರೆಯವರ ಹಬ್ಬದಲ್ಲಿ ಅತಿಥಿಯಾಗಿ ಹೋಗಿ ಮುದುಡಿ ಕೂರುವುದಕ್ಕೂ, ಅದೇ ಹಬ್ಬದ ದಿನ ಬಿಲ್ಲೆ ಹಂಚುವ ಕೆಲಸ ಹೊತ್ತು ನಿಲ್ಲುವುದಕ್ಕೂ ಇರುವ ಅಂತರ ಮಕ್ಕಳಿಗೆ ದೊಡ್ಡವರಿಗಿಂತ ಬೇಗ ತಿಳಿಯುತ್ತದೆ. ಮದುವೆ ಮನೆಯಲ್ಲಿ ಬಡಿಸಲು ನಿಂತವನು ನೆಂಟನಾಗಿ ಉಳಿಯುವುದಿಲ್ಲ, ಮನೆಯವನಾಗುತ್ತಾನೆ. ಇದೂ ಹಾಗೆಯೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಪಾರ್ಕಿನಲ್ಲಿ ಊರು ಸಿಗಬಹುದು, ಕನ್ನಡ ಎಲ್ಲಿ ಸಿಗುತ್ತದೆ? ಹಬ್ಬದ ಹಾಲಿನಲ್ಲಿ ಕನಿಷ್ಠ ಮೂರು ಗಂಟೆಯಾದರೂ ಮಗುವಿನ ಕಿವಿಯ ಮೇಲೆ ಭಾಷೆ ಬೀಳುತ್ತದಲ್ಲ? ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಓಟ ಕನ್ನಡ ಕಲಿಸುವುದಿಲ್ಲ. ಸಂಘ ನಿಂತುಹೋದರೆ ಆ ಮೂರು ಗಂಟೆಯೂ ಹೋಗುತ್ತದೆ. ಆದರೆ ವರ್ಷಕ್ಕೆ ಐದು ಸಲ ಮೂರು ಗಂಟೆ ಎಂದರೆ ಒಟ್ಟು 15 ಗಂಟೆ. ಅಷ್ಟರಲ್ಲಿ ಯಾವ ಮಗುವೂ ಭಾಷೆ ಕಲಿತದ್ದಿಲ್ಲ. ಹಾಡಿನ ಸಾಲುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದಷ್ಟೇ ಉಳಿಯುತ್ತದೆ. ಹಾಗಾಗಿ ಸಂಘವೋ ಪಾರ್ಕೋ ಎಂದು ಆರಿಸಿಕೊಳ್ಳುವ ಪ್ರಶ್ನೆ ಇಲ್ಲಿಲ್ಲ. ಪಾರ್ಕಿನ ರೀತಿಯನ್ನು ಸಂಘ ಕಲಿಯಬಹುದೇ ಎನ್ನುವುದೇ ಕೇಳಬೇಕಾದ್ದು.

ವಿಚಿತ್ರವೆಂದರೆ ಕನ್ನಡಿಗರಿಗೆ ಈ ರೀತಿ ಹೊಸದೇ ಅಲ್ಲ. ಕರಾವಳಿಯಿಂದ ಹೋಟೆಲು ಕೆಲಸಕ್ಕೆಂದು ಮುಂಬೈಗೆ ಹೋದ ಹುಡುಗರಿಗಾಗಿ ಅಲ್ಲಿನ ಕನ್ನಡಿಗರು ರಾತ್ರಿಶಾಲೆಗಳನ್ನು ಕಟ್ಟಿದ್ದರು. ಹಗಲೆಲ್ಲ ಲೋಟ ತೊಳೆದು, ಟೇಬಲ್ ಒರೆಸಿದ ಹುಡುಗರು ಸಂಜೆ ಅಲ್ಲಿ ಕನ್ನಡದಲ್ಲಿ ಓದಿದರು, ಪರೀಕ್ಷೆ ಕಟ್ಟಿದರು. ಮುಂದೆ ಆ ನಗರದ ಆಫೀಸುಗಳಲ್ಲಿ, ಬ್ಯಾಂಕುಗಳಲ್ಲಿ ಕೆಲಸ ಹಿಡಿದರು. ಮಾಟುಂಗದ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ. ಆ ಕಾಲದ ಮುಂಬೈ ಕನ್ನಡಿಗರೂ ಹಬ್ಬ ಮಾಡಿದರು, ನಾಟಕ ಆಡಿದರು. ಆದರೆ ಊರಿಂದ ಒಬ್ಬನೇ ಬಂದ ಹನ್ನೆರಡು ವರ್ಷದ ಹುಡುಗನಿಗೆ ಊರಾಗಿ ಒದಗಿದ್ದು ಪ್ರತಿ ಸಂಜೆ ತಪ್ಪದೆ ತೆರೆಯುತ್ತಿದ್ದ ಶಾಲೆಯ ಬಾಗಿಲು. ಅಲ್ಲಿಯೂ ದುಡ್ಡಿನ ಮಾತು ಹಿಂದೆ, ಬರುವಿಕೆಯ ಮಾತು ಮುಂದೆ. ಅಲ್ಲಿಯೂ ಕಲಿಸಲು ನಿಂತವರ ಮೇಲೇ ಎಲ್ಲ ನಡೆಯುತ್ತಿತ್ತು.

ಈಗಿನ ಬಹುಪಾಲು ಸಂಘಗಳು, ಲಂಡನ್ನಿನದಿರಲಿ, ಪುಣೆ, ಹೈದರಾಬಾದಿನದಿರಲಿ, ವೇದಿಕೆಯ ಸುತ್ತ ಕಟ್ಟಿಕೊಂಡಿವೆ. ವೇದಿಕೆ ಇದ್ದಲ್ಲಿ ಕೆಲವರು ಮೇಲೆ, ಹಲವರು ಕೆಳಗೆ. ಮಕ್ಕಳಿಗೆ ಸ್ಪರ್ಧೆ ಇಟ್ಟರೆ ಮೊದಲ, ಎರಡನೆಯ, ಮೂರನೆಯ ಬಹುಮಾನ. ಮಿಕ್ಕ ಮಕ್ಕಳು ಅಪ್ಪ ಅಮ್ಮನ ಸಮಾಧಾನದ ಮಾತು ಕೇಳಿಕೊಂಡು ಕಾರು ಹತ್ತಬೇಕು. ಪಾರ್ಕ್‌ರನ್ 2024ರಲ್ಲಿ ತನ್ನ ಜಾಲತಾಣದಿಂದ ವೇಗದ ದಾಖಲೆಗಳ ಪಟ್ಟಿಗಳನ್ನು ತೆಗೆದುಹಾಕಿತು. ಹೊಸಬರು ಅವನ್ನು ನೋಡಿ ಹೆದರಬಾರದು ಎಂಬುದು ಅದರ ವಾದ. ವೇಗದ ಓಟಗಾರರಲ್ಲಿ ಹಲವರು ಸಿಟ್ಟಾದರು. ಅವರ ಸಿಟ್ಟಿನಲ್ಲಿ ನ್ಯಾಯವಿಲ್ಲವೆಂದೇನಲ್ಲ, ಚೆನ್ನಾಗಿ ಮಾಡಿದ್ದನ್ನು ಚೆನ್ನಾಗಿದೆ ಎಂದು ಹೇಳುವವರು ಬೇಕೇ ಬೇಕು. ಆದರೂ ಬಾಗಿಲಲ್ಲಿ ಅಳುಕುತ್ತ ನಿಂತವರನ್ನು ಒಳಗೆ ತರುವುದೇ ಮುಖ್ಯವಾದಾಗ, ಬಹುಮಾನಕ್ಕಿಂತ ಟೇಲ್ ವಾಕರ್ ಹೆಚ್ಚು ಕೆಲಸಕ್ಕೆ ಬರುತ್ತಾರೆ. ಕನ್ನಡ ತೊದಲುವ ಮಗುವಿನ ಹಿಂದೆ ಹಾಗೆ ನಡೆಯುವವರು ಎಷ್ಟು ಸಂಘಗಳಲ್ಲಿದ್ದಾರೆ?

ಪಾರ್ಕ್‌ರನ್ನಿಗೂ ಕಷ್ಟಗಳಿವೆ. 2016ರಲ್ಲಿ ಬ್ರಿಸ್ಟಲ್ ಬಳಿಯ ಲಿಟಲ್ ಸ್ಟೋಕ್ ಎಂಬಲ್ಲಿ, ಪಾರ್ಕಿನ ದಾರಿಗಳು ಸವೆಯುತ್ತಿವೆ, ನಿರ್ವಹಣೆಗೆ ದುಡ್ಡು ಕೊಡಿ ಎಂದು ಸ್ಥಳೀಯ ಪ್ಯಾರಿಷ್ ಕೌನ್ಸಿಲ್ ಕೇಳಿತು. ಓಟ ಉಚಿತವಾಗಿಯೇ ಇರಬೇಕೆಂಬ ತತ್ವವನ್ನು ಬಿಡಲು ಪಾರ್ಕ್‌ರನ್ ಒಪ್ಪಲಿಲ್ಲ, ಅಲ್ಲಿನ ಓಟ ನಿಂತುಹೋಯಿತು. ಉಚಿತ ಎನ್ನುವುದರ ಹಿಂದೆ ಯಾರದೋ ಜಾಗ, ಯಾರದೋ ತೆರಿಗೆ, ಯಾರದೋ ಬೆಳಗಿನ ನಿದ್ದೆ ಇರುತ್ತದೆ. ಸಂಘದ ಪದಾಧಿಕಾರಿಗಳು ಇದನ್ನು ಬಲ್ಲರು. ಹಾಲಿನ ಬಾಡಿಗೆಗೆ ಚಂದಾ ಎತ್ತುವುದು ಎಂಥ ಕೆಲಸವೆಂದು ಅವರಿಗೇ ಗೊತ್ತು. ಆದರೆ ಬಾಡಿಗೆ ಹಾಲಿನ ಹಂಗೇ ಇಲ್ಲದ, ಒಂದು ಗಂಟೆಯಲ್ಲಿ ಮುಗಿಯುವ, ವಾರವಾರ ನಡೆಯುವ ಒಂದು ಕೂಟಕ್ಕೆ ಬೇಕಾಗುವುದು ದುಡ್ಡಿಗಿಂತ ಹೆಚ್ಚಾಗಿ ಪಾಳಿ. ಈ ವಾರ ಯಾರು, ಮುಂದಿನ ವಾರ ಯಾರು ಎಂಬ ಒಂದು ಪಟ್ಟಿ.

ದೆಹಲಿಯಲ್ಲಾದರೆ ಲೋದಿ ಗಾರ್ಡನ್ ಇದೆ, ಹೈದರಾಬಾದಿನಲ್ಲಿ ಕೆ.ಬಿ.ಆರ್. ಪಾರ್ಕ್ ಇದೆ, ಚೆನ್ನೈಯಲ್ಲಿ ಮರೀನಾ ತೀರವಿದೆ, ಮುಂಬೈಯಲ್ಲಿ ಶಿವಾಜಿ ಪಾರ್ಕ್ ಇದೆ. ಭಾನುವಾರ ಬೆಳಗ್ಗೆ ಏಳಕ್ಕೆ ಒಂದು ಸುತ್ತು ನಡಿಗೆ ಅಥವಾ ಓಟ, ಆಮೇಲೆ ಹುಲ್ಲಿನ ಮೇಲೆ ಕೂತು ಒಂದು ಕನ್ನಡ ಕತೆ. ಸುತ್ತು ಎಣಿಸುವುದು ಆರು ವರ್ಷದವಳ ಕೆಲಸ, ಎಣಿಕೆ ಕನ್ನಡದಲ್ಲಿ. ನೀರಿನ ಬಾಟಲಿ ಹಂಚುವುದು ಹತ್ತು ವರ್ಷದವನ ಕೆಲಸ, ಎಲ್ಲರ ಹೆಸರೂ ಅವನಿಗೆ ಬರಬೇಕು. ಎಲ್ಲರಿಗಿಂತ ಹಿಂದೆ ನಡೆಯುವುದು ನಿವೃತ್ತರಾದ ಒಬ್ಬ ಮೇಷ್ಟರ ಕೆಲಸ, ಹಿಂದೆ ಬಿದ್ದ ಮಗುವಿನ ಜೊತೆ ಅವರು ಕನ್ನಡದಲ್ಲೇ ಹರಟಬೇಕು. ಭಾಷಣ ಬೇಡ, ಹಾರ ಬೇಡ, ದೀಪ ಬೆಳಗುವ ಗಣ್ಯರು ಬೇಡ. ಮೊದಲ ವಾರ ಐದು ಜನ ಬಂದರೆ ಸಾಕು. ಬುಷಿ ಪಾರ್ಕಿಗೆ ಬಂದದ್ದೂ ಹದಿಮೂರೇ ಜನ.

ಮಕ್ಕಳಿಗೆ ಭಾಷೆ ಬೇಕೆನಿಸುವುದು ಅದರಲ್ಲಿ ತಮಗೊಂದು ಕೆಲಸವಿದ್ದಾಗ, ಅದನ್ನಾಡುವ ಯಾರೋ ಒಬ್ಬರು ವಾರವಾರ ತಮಗಾಗಿ ಕಾಯುವಾಗ. ಯುಗಾದಿಗೆ ಹೊಸ ಬಟ್ಟೆ ಹಾಕಿಸಿ ವೇದಿಕೆ ಹತ್ತಿಸುವುದು ಸಂತೋಷದ ಮಾತೇ, ಅದು ನಡೆಯಲಿ. ಅದರ ಹಿಂದಿನ ಭಾನುವಾರವೂ ಮುಂದಿನ ಭಾನುವಾರವೂ ಅದೇ ಮಗುವಿಗೆ ಕನ್ನಡದಲ್ಲಿ ಎಣಿಸಲು ಏನಾದರೂ ಇರಲಿ.