ವಾಚ್‌ಮನ್‌ಗೂ ಚಳಿಯಾಗುತ್ತೆ

ಡಿಸೆಂಬರ್ ಬಂತು ಅಂದ್ರೆ ಜಯನಗರ, ಜೆಪಿ ನಗರದ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದೇ ದೂರು: ವಾಚ್‌ಮನ್ ಗೇಟ್ ಹತ್ರ ಎಲೆ ಸುಡ್ತಾನೆ, ಹೊಗೆ! ಹೊಗೆ ಕೆಟ್ಟದ್ದೇ ಸ್ವಾಮಿ. ಆದರೆ ರಾತ್ರಿಯಿಡೀ ಕೂರುವವನು ಮೈ ಕಾಯಿಸಿಕೊಳ್ಳೋದು ಹೇಗೆ?

2023ರಲ್ಲಿ ಗೃಹಜ್ಯೋತಿ ಬಂತು. ಅದರ ಮಿತಿ, ಹೆಚ್ಚೆಂದರೆ 200 ಯೂನಿಟ್, ದಾಟದಿದ್ದರೆ ನಮ್ಮ ಗೀಸರ್ ನೀರಿಗೂ ಸರ್ಕಾರದ್ದೇ ದುಡ್ಡು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿರೋನ ಪಾಲಿಗೆ ಮೀಟರೇ ಇಲ್ಲ. ಅವನಿಗೆಲ್ಲಿಯ ಜ್ಯೋತಿ?

ಗೇಟಲ್ಲಿ ಬೆಂಕಿ ಬೇಡ ಅಂತ ಗದರಿದರೆ, ಕೆಂಡದ ಬಾಣಲೆಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿಕೊಳ್ತಾನೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತೆ. ಗದರಿದವರು ಇದನ್ನು ಯೋಚಿಸಿದ್ದಾರಾ?

ಲಿಫ್ಟ್ ರಿಪೇರಿಗೆ ದುಡ್ಡು ಎತ್ತುವ ಅಸೋಸಿಯೇಷನ್‌ನವರು ಎರಡು ದಪ್ಪ ರಗ್ಗು, ಒಂದು ಸ್ವೆಟರ್, ಆ ಕೋಣೆಗೊಂದು ಕಿಟಕಿ, ತಾರಸಿಯ ಸೋಲಾರ್‌ನಿಂದ ಕೆಳಗೊಂದು ಬಿಸಿನೀರಿನ ನಲ್ಲಿ, ಇಷ್ಟನ್ನು ಈ ತಿಂಗಳ ಮೀಟಿಂಗಲ್ಲೇ ಪಾಸ್ ಮಾಡಲಿ.