ಗಂಟಲ ಕಾವಲುಗಾರನಿಗೆ ಏಕೆ ಶಿಕ್ಷೆ?

ಬಾಣಂತನಕ್ಕೆಂದು ಊರಿನಿಂದ ಬರುವ ನಮ್ಮ ಅಮ್ಮಂದಿರ, ಅತ್ತೆಯರ ಗಂಟುಮೂಟೆಯಲ್ಲಿ ಮೆಂತ್ಯದ ಹಿಟ್ಟು, ಬಜೆಬೇರುಗಳ ಜೊತೆಗೆ ಒಂದು ಬೆಳ್ಳಿಯ ಒಳಲೆಯೂ ಇರುತ್ತದೆ. ಅದನ್ನು ಕಂಡೊಡನೆ ಪರಊರಿನಲ್ಲಿರುವ ನಮಗೆ ತವರಿನ ನೆನಪು ಒತ್ತರಿಸಿ ಬರುತ್ತದೆ. ಆದರೆ ಮಾರನೆಯ ಬೆಳಿಗ್ಗೆ ಆಗುವುದೇನು? ನೀಡಿದ ಕಾಲುಗಳ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಕೈಗಳನ್ನು ಅದುಮಿ, ಮೂಗು ಹಿಡಿದು, ಹರಳೆಣ್ಣೆಯನ್ನು ಗಂಟಲಿಗೆ ಹೊಯ್ಯುತ್ತಾರೆ. ಮಗು ಓಕರಿಸುತ್ತದೆ, ಮುಖ ಕೆಂಪಗಾಗುತ್ತದೆ. "ಎಷ್ಟು ಹಟ ನೋಡು ಇದಕ್ಕೆ!" ಎಂದು ಇನ್ನೊಂದು ಒಳಲೆ ಹೊಯ್ಯುತ್ತಾರೆ. ಬದಿಯಲ್ಲಿ ನಿಂತ ತಾಯಿಗೆ ಬಾಯಲ್ಲಿ ಬಿಸಿತುಪ್ಪ. ಬೇಡವೆಂದರೆ ಹಿರಿಯರಿಗೆ ಅಗೌರವ, ಸುಮ್ಮನಿದ್ದರೆ ಕೂಸಿಗೆ ಸಂಕಟ.

ಈ ಪದ್ಧತಿ ನಿಲ್ಲಬೇಕು. ಹಿರಿಯರ ಮೇಲಿನ ಗೌರವಕ್ಕೆ ಕುಂದಿಲ್ಲದಂತೆಯೇ ನಾವು ಈ ಮಾತನ್ನು ಹೇಳುತ್ತಿದ್ದೇವೆ.

ಓಕರಿಕೆ ಎಂದರೇನು? ನಾಲಗೆಯ ಬುಡ, ಮೆದು ಅಂಗುಳ, ಗಂಟಲಿನ ಹಿಂಗೋಡೆ, ಇವುಗಳಿಗೆ ಒಲ್ಲದ ವಸ್ತು ತಗುಲಿದೊಡನೆ ಒಂಬತ್ತನೆಯ ಕಪಾಲನರ ಆ ಸುದ್ದಿಯನ್ನು ಮಿದುಳಿನ ಬುಡದಲ್ಲಿರುವ ಮೆಡುಲ್ಲಾಕ್ಕೆ ಒಯ್ಯುತ್ತದೆ. ಅಲ್ಲಿಂದ ಮುಖ್ಯವಾಗಿ ಹತ್ತನೆಯದಾದ ವೇಗಸ್ ನರದ ಮೂಲಕ ಮರು ಆಜ್ಞೆ ಬರುತ್ತದೆ. ಅಂಗುಳ ಮೇಲಕ್ಕೇಳುತ್ತದೆ, ಗಂಟಲಿನ ಸ್ನಾಯುಗಳು ಎರಡೂ ಕಡೆಯಿಂದ ಬಿಗಿದುಕೊಂಡು ಬಂದದ್ದನ್ನು ಮುಂದಕ್ಕೆ ದಬ್ಬುತ್ತವೆ. ಇದು ನಮ್ಮ ಇಚ್ಛೆಯನ್ನು ಕೇಳಿ ನಡೆಯುವ ಕೆಲಸವಲ್ಲ. ಕಣ್ಣಿಗೆ ಧೂಳು ಬಿದ್ದಾಗ ರೆಪ್ಪೆ ಮುಚ್ಚುವುದು ಹಟವೇ? ಹಾಗಾದರೆ ಓಕರಿಕೆ ಮಾತ್ರ ಹಟವಾದದ್ದು ಹೇಗೆ? ಅದರಲ್ಲೂ ಎಳೆಗೂಸಿನಲ್ಲಿ ಈ ಕಾವಲು ನಾಲಗೆಯ ಮುಂಭಾಗಕ್ಕೇ ಬಂದು ನಿಂತಿರುತ್ತದೆ. ತಿಂಗಳುಗಳು ಕಳೆದಂತೆ, ಮಗು ಅಗಿಯುವುದನ್ನು ಕಲಿಯುತ್ತಿದ್ದಂತೆ, ಅದು ಹಿಂದಕ್ಕೆ ಸರಿಯುತ್ತದೆ. ಗಟ್ಟಿ ಆಹಾರಕ್ಕೆ ಇನ್ನೂ ಸಿದ್ಧವಿಲ್ಲದ ಗಂಟಲಿಗೆ ಪ್ರಕೃತಿ ಮಾಡಿಟ್ಟ ಏರ್ಪಾಡು ಇದು.

ಮೂಗು ಹಿಡಿದಾಗ ಮಗು ಬಾಯಿಂದ ಉಸಿರೆಳೆಯಲೇಬೇಕು. ಆ ಉಸಿರಿನೊಡನೆ ಬಾಯಲ್ಲಿದ್ದ ಎಣ್ಣೆ ಶ್ವಾಸನಾಳಕ್ಕೆ ಇಳಿಯಬಹುದು. ನೀರು ಹೋದರೆ ಕೆಮ್ಮು ಉಕ್ಕುತ್ತದೆ. ಎಣ್ಣೆ, ತುಪ್ಪಗಳದು ಕಳ್ಳಹೆಜ್ಜೆ. ನುಣುಪಾದ ಅವು ಓಕರಿಕೆಯನ್ನೂ ಕೆಮ್ಮನ್ನೂ ಅಷ್ಟಾಗಿ ಎಬ್ಬಿಸದೆ ಶ್ವಾಸಕೋಶದಲ್ಲಿ ಇಳಿದು ಕೂರುತ್ತವೆ. ಅಲ್ಲಿ ಉಂಟಾಗುವ ಉರಿಯೂತಕ್ಕೆ ವೈದ್ಯರು ಲಿಪಾಯ್ಡ್ ನ್ಯುಮೋನಿಯಾ ಎನ್ನುತ್ತಾರೆ. ದಕ್ಷಿಣ ಭಾರತದ ಶಿಶುಗಳಲ್ಲಿನ ಈ ಕಾಯಿಲೆಯ ಬಗ್ಗೆ 1973ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಲೇಖನ ಬಂದಿತ್ತು. ಅದಾಗಿ ಅರ್ಧ ಶತಮಾನ ಕಳೆಯಿತು. ನಮ್ಮ ಮನೆಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲವೇ?

"ನಾವೆಲ್ಲ ಹೀಗೇ ಬೆಳೆದವರಲ್ಲವೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೌದು, ಬೆಳೆದವರು ಬೆಳೆದೆವು. ಬೆಳೆಯದೆ ಹೋದ ಕೂಸುಗಳು ವಾದಕ್ಕೆ ಬರುವುದಿಲ್ಲ. ಅವುಗಳ ಲೆಕ್ಕ "ಬಾಲಗ್ರಹ", "ದೃಷ್ಟಿ" ಎಂಬ ಹೆಸರಿನಲ್ಲಿ ಸಂದುಹೋಯಿತು. ಒಳಲೆಯ ಮೇಲೆ ನಮಗೆ ಸಿಟ್ಟಿಲ್ಲ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಆಸ್ಪತ್ರೆಗಳಲ್ಲೂ ತಾಯಿಯ ಹಾಲನ್ನು ಇಂಥ ಒಳಲೆಯಲ್ಲೇ ಕುಡಿಸುವುದುಂಟು. ಅಲ್ಲಿ ಮಗುವಿನ ತಲೆ ಎತ್ತರದಲ್ಲಿರುತ್ತದೆ, ಹಾಲು ಹನಿಹನಿಯಾಗಿ ಬೀಳುತ್ತದೆ, ಒಂದು ಗುಟುಕು ಇಳಿದ ಮೇಲೆ ಮುಂದಿನದು. ತಪ್ಪು ಪಾತ್ರೆಯದಲ್ಲ, ಕೈಯದು.

ಹಿರಿಯರನ್ನು ಮಾತ್ರ ದೂರಿ ಕೈತೊಳೆದುಕೊಳ್ಳುವ ಹಕ್ಕು ಕಿರಿಯರಿಗೂ ಇಲ್ಲ. ಆರು ತಿಂಗಳ ಮಗು ಮೊದಲ ತುತ್ತಿಗೆ ಓಕರಿಸಿದೊಡನೆ ನಮ್ಮ ವಿದ್ಯಾವಂತ ತಂದೆತಾಯಿಯರು ಗಾಬರಿಯಾಗಿ ಅದರ ಬಾಯೊಳಗೆ ಬೆರಳು ಹಾಕುತ್ತಾರೆ. ಮುಂದಕ್ಕೆ ಬರುತ್ತಿದ್ದ ತುತ್ತು ಆ ಬೆರಳಿನಿಂದಲೇ ಹಿಂದಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಸದ್ದು ಮಾಡುತ್ತ, ಕೆಮ್ಮುತ್ತ, ನಾಲಗೆ ಹೊರಚಾಚುವ ಮಗು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತಿದೆ. ಹತ್ತಿರ ಕುಳಿತು ನೋಡುತ್ತಿರಿ. ಹೆದರಬೇಕಾದದ್ದು ಸದ್ದಿಲ್ಲದ ಮಗುವಿಗೆ. ಅಳಲಾರದು, ಕೆಮ್ಮಲಾರದು, ತುಟಿ ನೀಲಿಗಟ್ಟುತ್ತದೆ. ಆಗ "ನೆತ್ತಿಗೆ ಹತ್ತಿತು" ಎಂದು ತಲೆ ತಟ್ಟುತ್ತ ಕೂರಬಾರದು. ವರ್ಷ ತುಂಬದ ಕೂಸಾದರೆ ಮುಂಗೈಯ ಮೇಲೆ ಬೋರಲಾಗಿ, ತಲೆ ತಗ್ಗಿರುವಂತೆ ಹಿಡಿದು, ಬೆನ್ನಿನ ರೆಕ್ಕೆಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಬಾರಿ ಬಲವಾಗಿ ತಟ್ಟಬೇಕು. ಹೊರಬಾರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಬಾರಿ ಒತ್ತಬೇಕು. ಸಿಕ್ಕಿದ್ದು ಬೀಳುವ ತನಕ ಹೀಗೆಯೇ ಮುಂದುವರಿಸುತ್ತಿರಬೇಕು. ಜೊತೆಯವರು ಒಡನೆ 112ಕ್ಕೆ ಕರೆ ಮಾಡಬೇಕು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳಾಡಿಸಲೇಬಾರದು.

ಇನ್ನೊಂದು ಅವಿವೇಕವೂ ಉಂಟು. ಮಗು ಸೀಮೆಎಣ್ಣೆಯನ್ನೋ ಕಕ್ಕಸು ತೊಳೆಯುವ ಆಸಿಡ್ಡನ್ನೋ ಕುಡಿದರೆ ಉಪ್ಪುನೀರು ಹೊಯ್ದು, ಗಂಟಲಿಗೆ ಬೆರಳಿಟ್ಟು ವಾಂತಿ ಮಾಡಿಸುವುದು. ಆಸಿಡ್ ಬಂದ ದಾರಿಯನ್ನೇ ಮತ್ತೊಮ್ಮೆ ಸುಡುತ್ತದೆ. ಸೀಮೆಎಣ್ಣೆ ಮೇಲೆ ಬರುವಾಗ ಶ್ವಾಸಕೋಶಕ್ಕೆ ನುಗ್ಗುತ್ತದೆ. ಉಪ್ಪೇ ಪ್ರಾಣ ತೆಗೆದದ್ದೂ ಉಂಟು. ಮನೆಯಲ್ಲಿ ವಾಂತಿ ಮಾಡಿಸಲು ಬಳಸುತ್ತಿದ್ದ ಇಪೆಕಾಕ್ ಔಷಧವನ್ನೇ ವಾಡಿಕೆಯಂತೆ ಕೊಡುವುದು ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2003ರಲ್ಲಿ ಹೇಳಿತು. ಬಾಟಲಿಯನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡುವುದೊಂದೇ ದಾರಿ.

ಕೊನೆಗೆ ನಮ್ಮ ಸಂಘಗಳಿಗೆ ಒಂದು ಮಾತು. ರಾಜ್ಯೋತ್ಸವದ ವೇದಿಕೆಯಲ್ಲಿ ಹಾರತುರಾಯಿಗಳಿಗೆ ಎರಡು ತಾಸು ಸಿಗುತ್ತದೆ. ಸದಸ್ಯರಲ್ಲೇ ಇರುವ ವೈದ್ಯರೊಬ್ಬರನ್ನು ಕರೆದು, ಗೊಂಬೆಯೊಂದನ್ನು ಹಿಡಿಸಿ, ಇದನ್ನೆಲ್ಲ ತೋರಿಸಲು ಅರ್ಧ ತಾಸು ಸಿಗದೇ? ಮೊದಲ ಸಾಲಿನಲ್ಲಿ ಊರಿನಿಂದ ಬಂದ ಅಜ್ಜಿಯರನ್ನೇ ಕೂರಿಸೋಣ. ಕನ್ನಡವನ್ನು ನಾಳೆ ಮಾತಾಡಬೇಕಾದ ಗಂಟಲುಗಳಿವು. ಭಾಷೆಯ ರಕ್ಷಣೆಗಿಂತ ಮೊದಲು ಅವುಗಳ ರಕ್ಷಣೆ ಆಗಲಿ.