ಗೆದ್ದವನ ಹೆಸರಿಲ್ಲದ ಫಲಕ

ಮಕ್ಕಳೇ, ಒಂದು ನಾಣ್ಯವನ್ನು ಕೈಗೆತ್ತಿಕೊಳ್ಳಿ. ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸಿ. ಸಿಂಹಗಳು, ಅಂಕೆ, ಅಕ್ಷರ ಎಲ್ಲವೂ ಬೆರಳಿಗೆ ತಾಗುತ್ತವೆಯಲ್ಲವೇ? ಚಿತ್ರವು ಹೀಗೆ ಹಿನ್ನೆಲೆಯಿಂದ ಮೇಲಕ್ಕೆದ್ದು ನಿಂತರೆ ಅದನ್ನು ಉಬ್ಬುಶಿಲ್ಪ ಎನ್ನುತ್ತಾರೆ. ನಾನು ಹೇಳಹೊರಟಿರುವ ಉಬ್ಬುಶಿಲ್ಪವೂ ನಾಣ್ಯದಂತೆ ದುಂಡಗಿದೆ. ಆದರೆ ಅದರ ಅಗಲ ಒಂದು ಮೀಟರಿಗಿಂತ ಹೆಚ್ಚು!

1912ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಒಲಿಂಪಿಕ್ ಕ್ರೀಡಾಕೂಟ ನಡೆಯಿತು. ಅಲ್ಲಿಯ ಕ್ರೀಡಾಂಗಣದ ಗೋಡೆಯಲ್ಲಿ ಈ ಕಂಚಿನ ಫಲಕವನ್ನು ಕೂರಿಸಿದರು. ಇದನ್ನು ಮಾಡಿದವರು ಆರ್. ಟೇಟ್ ಮೆಕೆಂಜಿ. ಅವರು 1867ರಲ್ಲಿ ಕೆನಡಾದಲ್ಲಿ ಹುಟ್ಟಿದರು. ಕಲಿತದ್ದು ವೈದ್ಯವಿದ್ಯೆ. 1904ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ದೈಹಿಕ ಶಿಕ್ಷಣದ ಪ್ರಾಧ್ಯಾಪಕರಾಗಿ ಬಂದರು. ಓಡುವ, ಜಿಗಿಯುವ, ಗುಂಡು ಎಸೆಯುವ ಕಾಲೇಜು ಹುಡುಗರೇ ಅವರ ಶಿಲ್ಪಗಳಿಗೆ ಮಾದರಿಯಾದರು.

ಸ್ಟಾಕ್‌ಹೋಮಿನ ಫಲಕದಲ್ಲಿ ಮೂವರು ಓಟಗಾರರು ಅಡ್ಡಗಂಬಿಯನ್ನು ಹಾರುತ್ತಿದ್ದಾರೆ. ಅದೇ ಹರ್ಡಲ್ಸ್ ಓಟ. ಮೂವರಲ್ಲಿ ಗೆದ್ದವರು ಯಾರು? ಫಲಕ ಅದನ್ನು ಹೇಳುವುದಿಲ್ಲ. ಮೆಕೆಂಜಿ ಅದಕ್ಕೆ ಇಟ್ಟ ಹೆಸರು 'ಪ್ರಯತ್ನದ ಆನಂದ'.

ಓಟದ ಕಷ್ಟ ಅವರಿಗೆ ತಿಳಿಯದೆ ಇರಲಿಲ್ಲ. ಇದಕ್ಕೂ ಮೊದಲೇ ಅವರು ಓಟಗಾರರ ಮುಖಗಳನ್ನು ನೋಡಿ ನೋಡಿ ನಾಲ್ಕು ಮುಖವಾಡಗಳನ್ನು ಮಾಡಿದ್ದರು. ಒಂದರಲ್ಲಿ ಹಲ್ಲು ಕಚ್ಚಿ ಮಾಡುವ ಪ್ರಯತ್ನ, ಇನ್ನೊಂದರಲ್ಲಿ ಏದುಸಿರು, ಮತ್ತೊಂದರಲ್ಲಿ ದಣಿವು, ಕೊನೆಯದರಲ್ಲಿ ಪೂರ್ತಿ ಬಳಲಿಕೆ. ಇಷ್ಟನ್ನೂ ಬಲ್ಲವರು 'ಆನಂದ' ಎಂಬ ಮಾತನ್ನು ಆರಿಸಿಕೊಂಡರು. ಅದಕ್ಕೇ ನನಗೆ ಆ ಹೆಸರಿನ ಮೇಲೆ ನಂಬಿಕೆ.

(ಹುಡುಗಿಯರೇ, ಆ ಫಲಕದಲ್ಲಿ ನಿಮ್ಮವರು ಯಾರೂ ಇಲ್ಲ. ಒಲಿಂಪಿಕ್ಸ್‌ನ ಓಟಗಳಲ್ಲಿ ಹೆಂಗಸರಿಗೆ ಅವಕಾಶ ದೊರೆತದ್ದು 1928ರಲ್ಲಿ. ಇದು ಆ ಕಾಲದ ದೊಡ್ಡ ತಪ್ಪೆಂದೇ ನಾನು ಹೇಳುತ್ತೇನೆ.)

ಈಗ ನಿಮ್ಮ ಶಾಲೆಯ ಗೋಡೆಯನ್ನು ನೋಡಿ. ಅಲ್ಲಿ ಪ್ರಥಮ, ದ್ವಿತೀಯ, ತೃತೀಯ ಎಂದು ಹೆಸರುಗಳ ಪಟ್ಟಿ ಇರಬಹುದು. ಕಪಾಟಿನಲ್ಲಿ ಕಪ್ಪುಗಳೂ ಇರಬಹುದು. ಅಷ್ಟು ಸಾಲದು ಎಂಬುದೇ ನನ್ನ ಅಭಿಪ್ರಾಯ.

'ಗೆದ್ದವರನ್ನು ಮೆಚ್ಚಬಾರದೇ?' ಎಂದು ನೀವು ಕೇಳುವಿರಿ. ಖಂಡಿತ ಮೆಚ್ಚಬೇಕು. ಮೆಕೆಂಜಿಯವರೂ ಪದಕ ಬೇಡವೆಂದವರಲ್ಲ. 1912ರಿಂದ 1948ರ ವರೆಗೆ ಒಲಿಂಪಿಕ್ಸ್‌ನಲ್ಲಿ ಕಲೆಗೂ ಸ್ಪರ್ಧೆಗಳಿದ್ದವು. 1932ರಲ್ಲಿ ಅವರ ಇನ್ನೊಂದು ಉಬ್ಬುಶಿಲ್ಪಕ್ಕೆ ಮೂರನೆಯ ಸ್ಥಾನದ ಕಂಚಿನ ಪದಕ ದೊರೆಯಿತು. ಆದರೆ 40 ಮಂದಿ ಓಡಿದಾಗ ಗೋಡೆಯು 3 ಮಂದಿಯನ್ನು ಮಾತ್ರ ನೆನಪಿಟ್ಟುಕೊಂಡರೆ ಉಳಿದ 37 ಮಂದಿಯ ಗತಿಯೇನು? ಅವರಲ್ಲಿ ಹಲವರು ಮರುವರ್ಷ ಓಟಕ್ಕೆ ಹೆಸರು ಕೊಡುವುದೇ ಇಲ್ಲ. ನಾಲ್ಕನೆಯ ತರಗತಿಯಲ್ಲಿ ಹಾಗೆ ಹಿಂದೆ ಸರಿದವರಲ್ಲಿ ನಾನೂ ಒಬ್ಬ. ಓಡುವುದು ನನಗೆ ಇಷ್ಟವಾಗಿತ್ತು. ಆದರೂ ಮೈದಾನದ ಬದಿಯಲ್ಲಿ ಗೆಳೆಯರ ಚಪ್ಪಲಿ ಕಾಯುತ್ತಾ ಕುಳಿತೆ.

ಕಂಚು ಬೇಕೆಂದು ನಾನು ಹೇಳುತ್ತಿಲ್ಲ. ತಾಮ್ರ, ತವರ ಕರಗಿಸುವುದು ದೊಡ್ಡವರ ಕೆಲಸ. ನಿಮಗೆ ಜೇಡಿಮಣ್ಣು ಸಾಕು. ಹಲಗೆಯ ಮೇಲೆ ಮಣ್ಣನ್ನು ತಟ್ಟಿ, ನಿಮ್ಮ ತರಗತಿಯ ಓಟವನ್ನು ಉಬ್ಬುಚಿತ್ರವಾಗಿ ಮಾಡಿ. ಕೊನೆಯಲ್ಲಿ ಬಂದವನನ್ನೂ ಎಡವಿ ಬಿದ್ದು ಎದ್ದವಳನ್ನೂ ಬಿಡಬೇಡಿ. ಒಣಗಿದ ಮೇಲೆ ಮುಖ್ಯೋಪಾಧ್ಯಾಯರ ಬಳಿಗೆ ಕೊಂಡೊಯ್ದು, ಪಟ್ಟಿಯ ಪಕ್ಕದಲ್ಲಿ ಇದಕ್ಕೂ ಜಾಗ ಕೊಡಿ ಎಂದು ಕೇಳಿ.